ಆಚೆ ದಂಡೆಯ ಜಾಬರಣ್ಣ

ಶೋಕಸಭೆಯಲ್ಲಿ ಜನರನ್ನು ನಗಿಸಬಾರದು. ನಾನು ನಗಿಸಿದೆ. ಬನಹಟ್ಟಿಯ ನೇಕಾರರೆಲ್ಲ ಸೇರಿದ್ದ ಸಭೆಯಲ್ಲಿ ಮೈಕು ಹಿಡಿದು, "ನಮ್ಮ ಜಾಬರಣ್ಣ ನೀರಿನ ಮೇಲೆ ಹೋಗುವುದನ್ನು ಕಲಿತರು, ಬರುವುದನ್ನು ಮಾತ್ರ ಕೊನೆಯವರೆಗೂ ಕಲಿಯಲಿಲ್ಲ" ಎಂದುಬಿಟ್ಟೆ. ಸಭೆಗೆ ಸಭೆಯೇ ನಕ್ಕಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಅವರ ಹೆಂಡತಿ, ನಾವೆಲ್ಲ ವೈನಿ ಎನ್ನುವವರು, ನಗಲಿಲ್ಲ. ಗಂಡ ಹೋಗಿ ಇನ್ನೂ ಹದಿನೈದು ದಿನವಾಗಿರಲಿಲ್ಲ, ನಗದೆ ಇದ್ದದ್ದರಲ್ಲಿ ವಿಶೇಷವೇನು ಎಂದುಕೊಂಡೆ. ವಿಶೇಷವಿತ್ತು. ಅದನ್ನು ಹೇಳಲಿಕ್ಕೇ ಈಗ ಬರೆಯಲು ಕೂತಿದ್ದೇನೆ. ಆದರೆ ಆ ಮನುಷ್ಯ ಎರಡು ವರ್ಷ ನನ್ನ ತಲೆಯನ್ನು ಎಷ್ಟು ತಿಂದಿದ್ದರು ಎನ್ನುವುದನ್ನು ಮೊದಲು ಹೇಳಿಕೊಳ್ಳದಿದ್ದರೆ ನನಗೆ ಸಮಾಧಾನವಿಲ್ಲ.

ಜಾಬರ್ ಎಂದರೆ ನಮ್ಮ ಕಡೆ ಕೆಟ್ಟ ಮಗ್ಗವನ್ನು ರಿಪೇರಿ ಮಾಡುವವನು. ಅವರ ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿತ್ತು, ಓಣಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಬೇರೆ ಜಾಬರರು ಮಗ್ಗದ ಸದ್ದು ಕೇಳಿ ತಪ್ಪು ಹಿಡಿಯುತ್ತಿದ್ದರು. ಇವರು ಓಡುತ್ತಿರುವ ಮಗ್ಗದ ಚೌಕಟ್ಟಿನ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. "ಎಡಕ ಬಡ್ಯಾಕತ್ತೈತಿ, ಬಂದ್ ಮಾಡ್ರಿ" ಎನ್ನುತ್ತಿದ್ದರು. ಎಡಕ್ಕೇ ಇರುತ್ತಿತ್ತು ತೊಂದರೆ. ಅಂಗೈ ಯಾಕೆಂದರೆ, ಮೂವತ್ತೈದು ವರ್ಷ ಖಟಖಟದಲ್ಲೇ ಬದುಕಿ ಅವರ ಕಿವಿ ಹೋಗಿತ್ತು. ಅದನ್ನು ಒಪ್ಪಿಕೊಳ್ಳುವ ಜಾಯಮಾನವೇ ಅಲ್ಲ. "ನೀವ ಬಾಯಾಗ ಬಾಯಾಗ ಮಾತಾಡ್ತೀರಿ ಮಾಸ್ತರ" ಎಂದು ನನಗೇ ಹೇಳುತ್ತಿದ್ದರು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ನನ್ನ ದನಿ ಹಿಂದಿನ ಬೆಂಚು ದಾಟಿ ಪಕ್ಕದ ತರಗತಿಗೂ ಕೇಳುತ್ತದೆ ಎಂದು ಎಲ್ಲ ಶಿಕ್ಷಕರೂ ದೂರುತ್ತಾರೆ.

ಎರಡೂವರೆ ವರ್ಷದ ಹಿಂದೆ ಊರಿಗೆ ಹೊಸ ಮಗ್ಗಗಳು ಬಂದವು. ಏನು ಕೆಟ್ಟಿದೆ ಎಂದು ಪರದೆಯ ಮೇಲೆ ತಾವೇ ಬರೆದು ತೋರಿಸುವ ಮಗ್ಗಗಳು. ಅವುಗಳ ಮೇಲೆ ಅಂಗೈ ಊರಲು ಯಾರೂ ಜಾಬರಣ್ಣನನ್ನು ಕರೆಯಲಿಲ್ಲ. ಅದೇ ಹೊತ್ತಿಗೆ ಅವರು ಯಾರದೋ ಮದುವೆಗೆಂದು ಗೋವಾಕ್ಕೆ ಹೋದರು. ಹೋದವರು ಬೆಲ್ಲ ಇಳಿಸಿ ಖಾಲಿ ಬರುತ್ತಿದ್ದ ನಮ್ಮ ಕಡೆಯ ಲಾರಿಯಲ್ಲಿ ವಾಪಸು ಬಂದರು, ಜೊತೆಗೆ ಒಂದು ಹಲಗೆ. ಎರಡಾಳುದ್ದ, ಹಳದಿಗಟ್ಟಿದ ಬಿಳುಪು, ಮೂತಿ ಕೊಂಚ ಮೇಲಕ್ಕೆತ್ತಿದೆ. ಜೊತೆಗೊಂದು ಉದ್ದನೆಯ ಕಂಬ, ಹಿಡಿಯಲು ಬಾಗಿದ ಕೊಳವೆ, ಕಟ್ಟಿನಲ್ಲಿ ಇನ್ನಷ್ಟು ಚೂರುಪಾರು. ನೀರಿನ ಮೇಲೆ ನಿಂತು, ಹಾಯಿ ಹಿಡಿದು, ಗಾಳಿಗೆ ಓಡಿಸುವ ಸಾಧನವಂತೆ. ವಿಂಡ್‌ಸರ್ಫಿಂಗ್ ಅನ್ನುತ್ತಾರಂತೆ. ಈಗೆಲ್ಲ ಗಿಡ್ಡ ಹಲಗೆಗಳು ಬಂದಿವೆ, ಈ ಹಳೆಯ ಉದ್ದನೆಯದು ಯಾರಿಗೂ ಬೇಡವಾಗಿ ಗುಜರಿಯವನ ಹತ್ತಿರ ಬಿದ್ದಿತ್ತಂತೆ. ಮುಧೋಳದಿಂದ ಬಂದ ಅವರ ಬೀಗರು ಅದನ್ನು ಮಗುಚಿ ನೋಡಿ, ದನಕ್ಕೆ ಮೇವು ಹಾಕುವ ಗ್ವಾದಲಿ ಇರಬೇಕೆಂದುಕೊಂಡು, ತಮಗೆ ಕೊಡಿರೆಂದು ಕೇಳಿದರು.

"ಐವತ್ತೆಂಟ ವರ್ಷದ ಮನಷ್ಯಾ, ಇದೇನ ಹುಚ್ಚ ಹಚ್ಚಿಕೊಂಡ್ರಿ?" ಎಂದೆ.

"ಮಾಸ್ತರ, ಅಲ್ಲಿ ನೋಡೀನಿ. ಮನಷ್ಯಾ ಅರಿವಿ ಹಿಡದ ನೀರಮ್ಯಾಲ ನಿಂತ ಹೋಗತಾನ. ಅರಿವಿ ಕೆಲಸ ನಂದಲ್ಲೇನ್ರಿ?"

ಓಣಿಯಲ್ಲಿ ಆ ಉದ್ದನೆಯ ಹಲಗೆ ಹೊರಬಲ್ಲ ಜೀಪು ಇದ್ದದ್ದು ನನ್ನೊಬ್ಬನ ಹತ್ತಿರ. ಅಪ್ಪ ಬಿಟ್ಟುಹೋದದ್ದು, ತಳ್ಳಿದರೆ ಓಡುವಂಥದ್ದು. ಅದೇ ನನ್ನ ಗ್ರಹಚಾರ.

ಹಲಗೆಯ ಜೊತೆ ಬಂದಿದ್ದ ಹಾಯಿ ಮುಟ್ಟಿದರೆ ಪುಡಿಯಾಗುತ್ತಿತ್ತು. ತಾಡಪತ್ರಿ ಕಟ್ಟಿಕೊಳ್ಳಿ, ಸಂತೆಯಲ್ಲಿ ಸಿಗುತ್ತದೆ ಎಂದು ನಾನು ಹೇಳಿದ್ದಕ್ಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬನಹಟ್ಟ್ಯಾಗ ಇದ್ದು ಹೊರಗಿನ ಅರಿವಿ ಕಟ್ಟೂದಾ? ಮಂದಿ ಏನ ಅಂದಾರು?" ಕೇಳುವ ಮಂದಿ ಯಾರೂ ಇರಲಿಲ್ಲ, ಆದರೂ ಅವರು ಪರಿಚಯದವರ ಮಗ್ಗದಲ್ಲಿ ತಾವೇ ಹತ್ತಿಯ ಬಟ್ಟೆ ನೇಯ್ದರು. ಮಗ್ಗ ಸೀರೆಗೆ ಹೂಡಿದ್ದಾಗಿದ್ದರಿಂದ ಹಾಯಿಯ ಎರಡೂ ಅಂಚಿಗೆ ಕೆಂಪು ದಡಿ ಬಂತು. ಗಾಳಿ ನೂಲಿನ ಸಂದಿಯಿಂದ ಸೋರಬಾರದೆಂದು ಗಂಜಿ ಹಾಕಿದರು. ಹಾಸುನೂಲಿಗೆ ಹಾಕುವಂತೆ ಮೂರು ಸಲ, ದಪ್ಪಗೆ. ಒಣಗಿದ ಮೇಲೆ ಬಡಿದರೆ ಟಣ್ ಎನ್ನುತ್ತಿತ್ತು. ಭಾರಿ ಖುಷಿ ಅವರಿಗೆ.

ಬೀಳಗಿ ಕಡೆ ಅಣೆಕಟ್ಟಿನ ಹಿನ್ನೀರು ತುಂಬಿ, ಆಷಾಢದ ಗಾಳಿ ಏಳುತ್ತಲೇ ಒಂದು ರವಿವಾರ ಹೊರಟೆವು. ಜಮಖಂಡಿ ದಾಟುವಾಗ ಪೊಲೀಸರೊಬ್ಬರು ಜೀಪು ನಿಲ್ಲಿಸಿ, ಮೇಲೇನಿದು ಎಂದು ಕೇಳಿದರು. ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಜಾಬರಣ್ಣ "ಮಗ್ಗದ ಸಾಮಾನ್ರಿ" ಎಂದರು. ಬಿಟ್ಟರು. ಹಿನ್ನೀರಿಗೆ ಬಂದು, ಹುಡುಗರು ಬಾವಿಯಲ್ಲಿ ಈಜು ಕಲಿಯುವಾಗ ಕಟ್ಟಿಕೊಳ್ಳುವಂತೆ ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು ಹಲಗೆ ಹತ್ತಿದರು. ಬಿದ್ದರು. ಹತ್ತಿದರು, ಬಿದ್ದರು. ನೀರಿನಲ್ಲಿ ಮಲಗಿದ ಹಾಯಿಯನ್ನು ಹಗ್ಗ ಹಿಡಿದು ಎಳೆದೆತ್ತಬೇಕು, ಎತ್ತಿದರೆ ಅದು ಮತ್ತೊಂದು ಕಡೆಗೆ ಬೀಳುತ್ತದೆ. ಮೂರನೆಯ ಸಲ ಗಂಜಿ ಕರಗತೊಡಗಿತು. ನೀರು ಬೆಳ್ಳಗಾಯಿತು. ಆಮೇಲೆ ಮೀನು ಬಂದವು. ಎಲ್ಲಿದ್ದವೋ ಅಷ್ಟೂ ಮೀನು! ಹಾಯಿಯ ಸುತ್ತ ಮುತ್ತಿಕೊಂಡು ಗಂಜಿ ತಿನ್ನತೊಡಗಿದವು. ದಂಡೆಯ ಮೇಲೆ ಕುರಿ ಮೇಯಿಸುತ್ತಿದ್ದ ಒಬ್ಬ ಮುದುಕಪ್ಪ, ಕಂಬಳಿ ಹೆಗಲಿಗೇರಿಸಿ ನಿಂತಿದ್ದವನು, "ನನ್ನ ಬೀರಪ್ಪ! ಬಲೆ ಇಲ್ದನ ಮೀನಾ ಹಿಡ್ಯಾಕತ್ತಾನಲ್ಲೋ ಈ ಯಪ್ಪಾ" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡ. ಅಂದಿನಿಂದ ನಾವು ಹೋದಾಗೆಲ್ಲ ನಾವು ಕುರಿಯಪ್ಪ ಎಂದೇ ಕರೆಯುತ್ತಿದ್ದ ಅವನ ಕುರಿಗಳು ಅಲ್ಲೇ ಮೇಯುತ್ತಿದ್ದವು. ಅವನಿಗೆ ಬೇರೆ ಮನರಂಜನೆ ಬೇಕಾಗಿರಲಿಲ್ಲ.

ಮುಂದಿನ ಸಲ ಪಾಲಿಯೆಸ್ಟರ್ ನೂಲಿನಲ್ಲಿ ಒತ್ತಾಗಿ ನೇಯ್ದರು, ದಡಿ ಸಮೇತ. ಅದು ಗಾಳಿ ಹಿಡಿಯಿತು. ಜಾಬರಣ್ಣ ನಿಂತರು. ಮೊಣಕಾಲು ಬಾಗಿಸಿ, ಕೊಳವೆಗೆ ಜೋತುಬಿದ್ದು, ಕೆಂಪು ದಡಿಯ ಹಾಯಿಯ ಹಿಂದೆ ನಿಂತು ಹೊರಟೇ ಹೋದರು. ನನಗೆ ಅಂದು ಎಷ್ಟು ಹಿಗ್ಗಾಯಿತೆಂದರೆ, ಚಪ್ಪಲಿ ಬಿಟ್ಟು ನೀರಿಗಿಳಿದು ಚಪ್ಪಾಳೆ ಹೊಡೆದೆ. ಆಮೇಲೆ ಅವರು ಹೋಗುತ್ತಲೇ ಇದ್ದಾರೆ ಎಂದು ಗೊತ್ತಾಯಿತು. "ಹೊಳ್ಳಿ ಬರ್ರೀ!" ಎಂದು ಕೂಗಿದೆ. ಪಕ್ಕದಲ್ಲಿ ನಿಂತು ಕೂಗಿದರೂ ಕೇಳದ ಮನುಷ್ಯ. ಪಡುವಣ ಗಾಳಿ ಅವರನ್ನು ಸೀದಾ ಆಚೆ ದಂಡೆಗೆ ತೆಗೆದುಕೊಂಡು ಹೋಗಿ ಬಿಟ್ಟಿತು.

ಆಚೆ ದಂಡೆಗೆ ಹೋಗಬೇಕೆಂದರೆ ಅನಗವಾಡಿಯ ಸೇತುವೆ ಸುತ್ತಿ ಹೋಗಬೇಕು. ಕಬ್ಬಿನ ಹೊಲಗಳ ನಡುವಿನ ಕಚ್ಚಾ ದಾರಿ, ಎರೆಮಣ್ಣಿನ ಕೆಸರು, ನನ್ನ ಜೀಪು. ಹೋಗಿ ನೋಡಿದರೆ ಸಾಹೇಬರು ಹಲಗೆಯ ಮೇಲೆ ಕಾಲು ಚಾಚಿ ಕೂತಿದ್ದಾರೆ. "ಬಂದ್ರೆ? ಬರ್ರಿ" ಎಂದರು, ನಾನೇನೋ ಅವರ ಮನೆಗೆ ಚಹಾಕ್ಕೆ ಬಂದವನಂತೆ.

ಇದು ಒಂದು ದಿನದ ಮಾತಲ್ಲ. ಎರಡು ಮಳೆಗಾಲ, ಗಾಳಿ ಇದ್ದ ಒಂದೊಂದು ರವಿವಾರವೂ ಇದೇ ಹಾಡು. ಅವರು ಈಚೆಯಿಂದ ಆಚೆಗೆ ನೀರಿನ ಮೇಲೆ, ನಾನು ಈಚೆಯಿಂದ ಆಚೆಗೆ ಕೆಸರಿನ ಮೇಲೆ. ನಾನೂ ಸುಮ್ಮನೆ ಬಿಡಲಿಲ್ಲ. ತ್ರಿಕೋನ ಬರೆದು, ಗಾಳಿಗೆ ಎಷ್ಟು ಡಿಗ್ರಿಯಲ್ಲಿ ಮೂತಿ ಇಟ್ಟರೆ ಅಡ್ಡಡ್ಡ ಹಾಯುತ್ತ ವಾಪಸು ಬರಬಹುದೆಂದು ಲೆಕ್ಕ ಹಾಕಿಕೊಟ್ಟೆ. ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು. ನಾನು ಹೇಳಿದ ಹಾಗೇ ಮೂತಿ ಇಡುತ್ತಿದ್ದರು, ಹಲಗೆ ಮಾತ್ರ ಅಡ್ಡಕ್ಕೆ ಜಾರಿ ಜಾರಿ ಆಚೆಗೇ ಹೋಗುತ್ತಿತ್ತು. ತಪ್ಪು ಅವರದೇ ಎನ್ನುವುದರಲ್ಲಿ ನನಗೆ ಸಂಶಯವಿರಲಿಲ್ಲ.

ವೈನಿಗೂ ಸಾಕಾಗಿತ್ತು. "ಮಾಸ್ತರ, ನೀವರ ಬುದ್ಧಿ ಹೇಳ್ರಿ. ಅಂಗಳಾ ತುಂಬ ಆ ಹೆಣದಂಥಾ ಹಲಗಿ. ಕೌದಿ ಒಣಗಿಸಾಕ ಜಾಗಾ ಇಲ್ಲ" ಎಂದು ಹೊದೆಯುವ ಕೌದಿಯನ್ನು ಒಂದು ಚಪ್ಪಟೆ ಹಲಗೆಯಿಂದ ಬಡಿದು ತೊಳೆಯುತ್ತಲೇ ಗೋಳಾಡುತ್ತಿದ್ದರು. ನಾನು ಬುದ್ಧಿ ಹೇಳಿದೆ. ಬಿಟ್ಟುಬಿಡಿ, ವಯಸ್ಸಾಯಿತು, ಒಂದು ದಿನ ನೀರುಪಾಲಾಗುತ್ತೀರಿ ಎಂದೆ. ಆಗ ಅವರು ನನ್ನ ಬಾಯಿಯನ್ನೇ ನೋಡುತ್ತ, ಎಂದೂ ಇಲ್ಲದಷ್ಟು ಮೆತ್ತಗೆ ಮಾತಾಡಿದರು.

"ಮಾಸ್ತರ, ಹ್ವಾದ ಲಾಳಿ ಹೊಳ್ಳಿ ಬಂದ್ರನ ಅರಿವಿ ಆಗತೈತಿ. ಇಲ್ಲಂದ್ರ ಬರೇ ನೂಲು. ಹುಟ್ಟಿದಾಗಿಂದ ಲಾಳಿ ಹೊಳ್ಳಿ ಬರೂಹಂಗ ಮಾಡಿಕೋತನ ಬಂದೀನಿ. ಈಗ ಮಗ್ಗಕ್ಕ ನಾ ಬ್ಯಾಡಾಗೀನಿ, ಆತು. ಒಂದs ಸಲ ನಾ ಹೊಳ್ಳಿ ಬರಬೇಕ್ರಿ. ನೀವ ನಿಂತಲ್ಲಿಗೇ. ನೀವ ನೋಡಬೇಕು. ಅದ ಒಂದ ಆದ್ರ ಹಲಗಿ ಮುಧೋಳದವ್ರಿಗೆ ಕೊಟ್ಟಬಿಡ್ತೀನಿ, ಎಮ್ಮಿ ಮೇವ ತಿನ್ನಲಿ."

ಹೀಗೆ ಹೇಳಿದ ಮೇಲೆ ಜೀಪಿನ ಕೀಲಿ ಇಲ್ಲ ಎನ್ನುವುದು ಹೇಗೆ? ಮತ್ತೆ ಕೆಸರು, ಮತ್ತೆ ಸೇತುವೆ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಹಲಗೆ ಊರಿಗೆ ಬಂದ ದಿನವೇ ಅದರ ನಟ್ಟನಡುವೆ ಒಂದು ಉದ್ದನೆಯ ಸೀಳು ಇದ್ದದ್ದನ್ನು ನಾನು ಕಂಡುಹಿಡಿದಿದ್ದೆ. ಮೇಲಿನಿಂದ ಕೆಳಗಿನವರೆಗೆ ಆರಪಾರ, ಕೈ ತೂರುವಷ್ಟು. ತೂತು ಬಿದ್ದ ಹಲಗೆಯನ್ನು ಗೋವಾದವನು ತಲೆಗೆ ಕಟ್ಟಿದ್ದಾನೆ ಎಂದೆ. ಜಾಬರಣ್ಣ ಅದರೊಳಗೆ ಬೆರಳಾಡಿಸಿ ನೋಡಿದರು. "ಇದು ಒಡದ ತೂತಲ್ರಿ ಮಾಸ್ತರ. ಅಂಚು ನುಣುಪ ಐತಿ. ಯಾರೋ ಬೇಕಂತನ ಬಿಟ್ಟಾರ." ನಾನು ಮೊಬೈಲಿನಲ್ಲಿ ಹತ್ತು ವಿಡಿಯೊ ತೆಗೆದು ತೋರಿಸಿದೆ. ಎಲ್ಲವೂ ಗಿಡ್ಡ ಹಲಗೆಗಳು, ಒಂದರಲ್ಲೂ ತೂತಿಲ್ಲ. "ಇವರೆಲ್ಲಾ ಹುಚ್ಚರೇನ್ರಿ?" ಎಂದು ಕೇಳಿದೆ. ನಾನು ಬೇವಿನ ತುಂಡನ್ನು ಅಳತೆಗೆ ಸರಿಯಾಗಿ ಕೆತ್ತಿ, ಸೀಳಿಗೆ ಬೆಣೆ ಹೊಡೆದು, ಮೇಲೆ ರಸ್ತೆ ಕೆಲಸದವರ ಹತ್ತಿರ ಬೇಡಿ ತಂದ ಡಾಂಬರು ಮೆತ್ತಿದೆ. ಅಚ್ಚುಕಟ್ಟಾಗಿತ್ತು ಕೆಲಸ. ಮುಂದೆ ಒಂದೆರಡು ಸಲ ಅವರು ಆ ಜಾಗದ ಮೇಲೆ ಅಂಗೈ ಇಟ್ಟು, "ಇಲ್ಲೇ ಏನೋ ಕೇಳಾಕತ್ತೈತ್ರಿ ಇದು" ಎಂದದ್ದುಂಟು. "ತೂತಿನ ಸುದ್ದಿ ಬಿಡ್ರಿ, ನಾ ಮುಚ್ಚಿದ್ದಕ್ಕ ನೀವಿನ್ನೂ ಮುಳುಗಿಲ್ಲ" ಎಂದು ಅವರ ಬಾಯಿ ಮುಚ್ಚಿಸಿದೆ.

ಈಗ ಆ ದಿನದ ಮಾತು. ಕಳೆದ ಶ್ರಾವಣದ ಒಂದು ರವಿವಾರ. ಬರುವಾಗ ಜಾಬರಣ್ಣನ ತೊಡೆಯ ಮೇಲೆ ಕೌದಿಯಲ್ಲಿ ಸುತ್ತಿದ ಏನೋ ಇತ್ತು. ಏನದು ಎಂದು ಕೇಳಿದರೆ "ಬುತ್ತಿ" ಎಂದರು. ಅಷ್ಟುದ್ದದ ಬುತ್ತಿ ಯಾವುದೋ! ಎರಡು ಸಲ ಜೀಪು ಕೆಟ್ಟು ನನ್ನ ತಲೆ ಕೆಟ್ಟಿತ್ತು, ಮತ್ತೆ ಕೇಳಲಿಲ್ಲ, ಅವರು ಹಲಗೆ ಇಳಿಸುವಾಗಲೂ ಬಾನೆಟ್ಟಿನಲ್ಲಿ ತಲೆ ತೂರಿಸಿದ್ದೆ. "ಮಾಸ್ತರ, ಇವತ್ತ ನೀವ ಇಲ್ಲೇ ನಿಂದರ್ರಿ. ಎಲ್ಲೂ ಹೋಗಬ್ಯಾಡ್ರಿ" ಎಂದು ಹೇಳಿ ಹಲಗೆ ಹತ್ತಿದರು. ಇದನ್ನು ಅವರು ಪ್ರತಿ ಸಲವೂ ಹೇಳುತ್ತಿದ್ದರು. ನಾನು ನಿಂತೆ. ಕೆಂಪು ದಡಿ ಚಿಕ್ಕದಾಗುತ್ತ ಹೋಯಿತು. ನಡುನೀರು ದಾಟಿತು. ಆಕಾಶದಲ್ಲಿ ಮಳೆ ಕಟ್ಟಿತ್ತು. ಮಳೆ ಬಂದರೆ ಎರೆಮಣ್ಣಿನಲ್ಲಿ ಜೀಪು ಹೂತು ಹೋಗುತ್ತದೆ, ಬೆಳಿಗ್ಗೆ ಶಾಲೆ ಇದೆ. ಇನ್ನೇನು ನೋಡುವುದು, ಹೋಗುವುದು ಆಚೆಗೇ ತಾನೇ ಎಂದು ಕಾಯದೆ ಜೀಪು ಹತ್ತಿದೆ.

ಆಚೆ ದಂಡೆಯಲ್ಲಿ ಅವರಿರಲಿಲ್ಲ.

ದಂಡೆಯುದ್ದಕ್ಕೂ ಓಡಾಡಿದೆ. ಕೂಗಿದೆ. ಕಿವುಡನನ್ನು ಕೂಗುತ್ತಿದ್ದೇನೆ ಎನ್ನುವುದೂ ಮರೆತುಹೋಗಿತ್ತು. ಹನಿ ಶುರುವಾಯಿತು, ನೀರಿನ ಮೇಲೆ ಏನೂ ಕಾಣಿಸಲಿಲ್ಲ. ಕಬ್ಬಿನ ಹೊಲದವರನ್ನು ಕೇಳಿದೆ, ಯಾರೂ ನೋಡಿರಲಿಲ್ಲ. ವೈನಿಗೆ ಏನೆಂದು ಹೇಳಲಿ ಎನ್ನುವುದೊಂದೇ ತಲೆಯಲ್ಲಿ. ಹೇಗೋ ಸೇತುವೆ ಸುತ್ತಿ ಈಚೆಗೆ ಬರುವಷ್ಟರಲ್ಲಿ ಎರಡೂವರೆ ತಾಸು ಕಳೆದಿತ್ತು. ಬಂದು ನೋಡಿದರೆ ಜಾಬರಣ್ಣ ಮರದ ಬುಡದಲ್ಲಿ ಕೂತು ರೊಟ್ಟಿ ಶೇಂಗಾಚಟ್ನಿ ತಿನ್ನುತ್ತಿದ್ದಾರೆ.

ನನ್ನನ್ನು ಕಂಡವರೇ ಎದ್ದು ನಿಂತರು. ಮುಖವೆಲ್ಲ ನಗು. "ಮಾಸ್ತರ, ಹೊಳ್ಳಿ ಬಂದೆ! ನನ್ನಷ್ಟಕ್ಕ ನಾನs ಬಂದೆ!"

ಹೆದರಿಕೆ ಇಳಿದ ಮನುಷ್ಯನಿಗೆ ಬರುವ ಸಿಟ್ಟು ಬಹಳ ಕೆಟ್ಟದ್ದು. ನಾನು ಕುಣಿದಾಡಿಬಿಟ್ಟೆ. ಅವರ ವಯಸ್ಸು ನೋಡಲಿಲ್ಲ. "ಸುಳ್ಳ ಹೇಳಬ್ಯಾಡ್ರಿ! ಯಾವನೋ ಮೀನಾ ಹಿಡಿಯಾಂವನ ತೆಪ್ಪದಾಗ ಕುಂತ ಬಂದೀರಿ. ನಾ ಅಲ್ಲಿ ನಿಮ್ಮ ಹೆಣಾ ಹುಡುಕಾಕತ್ತೀನಿ, ನೀವಿಲ್ಲಿ ರೊಟ್ಟಿ ಹೊಡ್ಯಾಕತ್ತೀರಿ! ಎರಡ ವರ್ಷ ಬಾರದ್ದು ಇವತ್ತ ಬಂತಂತ! ಯಾರಿಗೆ ಹೇಳ್ತೀರಿ ಇದನ್ನ?"

ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಕೇಳಿಸಲಿಲ್ಲವೇನೋ ಎಂದು ನಾನು "ಸುಳ್ಳು!" ಎಂದು ಮತ್ತೊಮ್ಮೆ, ತುಟಿ ಬಿಡಿಸಿ ಹೇಳಿದೆ. ನಗು ಹೋಯಿತು. ಹಲಗೆಯ ಕಡೆ ಒಮ್ಮೆ ನೋಡಿದರು, ಕೌದಿಯ ಗಂಟಿನ ಕಡೆ ಒಮ್ಮೆ ನೋಡಿದರು, ಏನೋ ಹೇಳುವವರಿದ್ದರು. ಆಮೇಲೆ "ಹೂಂ, ಆತ ಬಿಡ್ರಿ" ಎಂದಷ್ಟೇ ಹೇಳಿ, ಕುರಿಯಪ್ಪನ ಕೈ ಕೂಡಿಸಿಕೊಂಡು ಹಲಗೆಯನ್ನು ಜೀಪಿನ ಮೇಲೆ ಏರಿಸಿದರು. ನಾನು ಸಿಟ್ಟಿನಲ್ಲಿ ಸ್ಟಿಯರಿಂಗ್ ಹಿಡಿದು ಕೂತಿದ್ದೆ, ಕೈ ಹಚ್ಚಲಿಲ್ಲ, ತಿರುಗಿಯೂ ನೋಡಲಿಲ್ಲ.

ಮುಂದಿನ ರವಿವಾರ ಅವರು ಕರೆಯಲು ಬರಲಿಲ್ಲ. ಬದುಕಿದೆ ಎಂದುಕೊಂಡೆ. ಮಾತು ಮತ್ತೆ ಕೂಡಿತು, ಚಹಾ ಕುಡಿದೆವು, ಹಲಗೆಯ ಸುದ್ದಿಯನ್ನು ಮಾತ್ರ ಇಬ್ಬರೂ ತೆಗೆಯಲಿಲ್ಲ. ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವರು ಮೇಲೇಳಲಿಲ್ಲ. ಶೋಕಸಭೆ ಆಯಿತು, ನನ್ನ ಭಾಷಣ ಆಯಿತು, ಜನ ನಕ್ಕರು.

ಮಾರನೆಯ ದಿನ ವೈನಿ ಕರೆ ಕಳಿಸಿದರು. ಅಂಗಳದಲ್ಲಿ ಹಲಗೆಯನ್ನು ಮಗುಚಿ ಹಾಕಿದ್ದರು. ನಾನು ಮುಚ್ಚಿದ ಸೀಳು ತೆರೆದಿತ್ತು. ಜಾಬರಣ್ಣ ಡಾಂಬರಿನ ಗುರುತೂ ಇಲ್ಲದಂತೆ ಕೆರೆದು, ಅಂಚಿಗೆ ಮಗ್ಗದ ಚರ್ಮದ ಪಟ್ಟಿ ಹೊಂದಿಸಿದ್ದರು. ವೈನಿ ತಮ್ಮ ಕೌದಿ ಬಡಿಯುವ ಹಲಗೆಯನ್ನು ತಂದು ಅದರೊಳಗೆ ಇಳಿಬಿಟ್ಟರು. ಅಳತೆ ತೆಗೆದು ಮಾಡಿದಂತೆ ಕೂತಿತು. ಅಂದು ಜೀಪಿನಲ್ಲಿ ಕೌದಿಯೊಳಗೆ ಸುತ್ತಿದ್ದ 'ಬುತ್ತಿ' ಇದೇ. ಎರಡು ವರ್ಷ ಆಕೆ ಅದರಿಂದ ಕೌದಿ ಬಡಿಯುವುದನ್ನು ನಾನು ಕಣ್ಣಾರೆ ನೋಡಿದ್ದೆ. ಗೋವಾದಿಂದ ಬಂದ ಚೂರುಪಾರಿನ ಕಟ್ಟಿನಲ್ಲಿತ್ತಂತೆ, ಏನೆಂದು ತಿಳಿಯದೆ ಬಚ್ಚಲಿಗೆ ಸೇರಿಸಿಕೊಂಡಿದ್ದರಂತೆ. ನೀರಿನೊಳಗೆ ಅದು ಇಳಿದು ನಿಂತರೆ ಮಾತ್ರ ಹಲಗೆ ಅಡ್ಡಕ್ಕೆ ಜಾರುವುದಿಲ್ಲ, ಗಾಳಿಗೆದುರಾಗಿ ಹಾಯುತ್ತದೆ. ಗಣಿತ ಕಲಿಸುವ ನನಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎರಡು ವರ್ಷ ಆ ಮನುಷ್ಯನನ್ನು ಆಚೆ ದಂಡೆಗೆ ಹಾಕುತ್ತಿದ್ದದ್ದು ನನ್ನ ಬೇವಿನ ಬೆಣೆ.

"ಯಾಕ ಹೇಳಲಿಲ್ರಿ ವೈನಿ? ನಾ ಸುಳ್ಳ ಅಂದಾಗ ತೂತ ತೋರಿಸಬೇಕಿತ್ತ ಅವರು."

"ನಾನೂ ಅದನ್ನs ಅಂದೆ. 'ಮಾಸ್ತರ ಹೊಡದ ಬೆಣಿ ಅದು. ಅವರ ಮುಂದ ಹಿಡದ್ರ ಮಾರಿ ಸಣ್ಣದ ಮಾಡಕೋತಾರ. ನನ್ನ ಸಲವಾಗಿ ಎಷ್ಟ ಕೆಸರ ತುಳದಾರ, ಇರಲಿ ಬಿಡು' ಅಂದ್ರು. ನೀವ ದಂಡಿಮ್ಯಾಲ ನಿಂತ ನೋಡಿದ್ರ ಸಾಕಿತ್ತಂತ, ತೂತಿನ ಮಾತ ತಗಿಯೂ ಕಾರಣನs ಇರಲಿಲ್ಲಂತ." ವೈನಿ ಸೆರಗಿನಿಂದ ಒಂದು ಮರದ ತುಂಡು ತೆಗೆದು ನನ್ನ ಕೈಗಿಟ್ಟರು. ನನ್ನದೇ ಬೆಣೆ. "ಒಗೀಬ್ಯಾಡಂದಿದ್ರು. ಛಲೋ ಕೆತ್ತ್ಯಾರ ಅಂತಿದ್ರು."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಜೀಪು ತೆಗೆದುಕೊಂಡು ಸೀದಾ ಹಿನ್ನೀರಿಗೆ ಹೋದೆ. ನೀರು ಇಳಿದಿತ್ತು. ಕುರಿಯಪ್ಪ ಇದ್ದ. ಜಾಬರಣ್ಣ ತೀರಿದ್ದನ್ನು ಹೇಳಿದೆ. ಅವನು ಕಂಬಳಿ ತೆಗೆದು ನೆಲಕ್ಕಿಟ್ಟ. ಆ ಶ್ರಾವಣದ ದಿನ ಅವರು ಹೇಗೆ ಬಂದರು, ನೀನು ನೋಡಿದೆಯಾ ಎಂದು ಕೇಳಿದೆ.

"ನೋಡ್ದೇ ಏನ್ರಿ! ನೀವ ಜೀಪ ಹೊಡಕೊಂಡ ಹ್ವಾದ್ರಿ ನೋಡ್ರಿ, ಅದs ಹೊತ್ತಿಗೆ ಅಲ್ಲೇ ನಡುವ ಹೊಳ್ಳಿದ್ರು. ಅಡ್ಡಾ ಹಾದು ಆ ಕಡಿ, ಅಡ್ಡಾ ಹಾದು ಈ ಕಡಿ, ಹಂಗs ಬಂದ್ರು. ಬರೋಬ್ಬರಿ ಇಲ್ಲಿಗೇ, ನೀವ ನಿಂದರತಿದ್ರೆಲ್ಲಾ, ಈ ಕಲ್ಲಿನ ಕಡಿ. ಹಲಗಿ ಇಳದವ್ರು ಎರಡೂ ಕೈ ಎತ್ತಿ, 'ಮಾಸ್ತರ, ಬಂದೆ!' ಅಂತ ಒದರಿದ್ರು. ಇಲ್ಲಿ ಯಾರಿದ್ರು? ಹೊಳ್ಳಿ ಹೊಳ್ಳಿ ನೋಡಿದ್ರು ಪಾಪ. ಬ್ಯಾಸರ ಆಗಬಾರದಂತ ನಾನs ಕೈ ಎತ್ತಿದ್ನಿ."

ಬೆಣೆ ಈಗ ನನ್ನ ಮೇಜಿನ ಮೇಲಿದೆ. ಹಲಗೆಯನ್ನು ಮುಧೋಳದವರಿಗೆ ಕೊಡಬೇಡಿರೆಂದು ವೈನಿಗೆ ಹೇಳಿದ್ದೇನೆ. ಅಂದು ಸಭೆಯಲ್ಲಿದ್ದ, ನನ್ನ ಮಾತಿಗೆ ನಕ್ಕ ಎಲ್ಲರಲ್ಲೂ ನನ್ನದೊಂದು ವಿನಂತಿ. ಆ ಮಾತನ್ನು ತಿದ್ದಿಕೊಳ್ಳಿ. ಜಾಬರಣ್ಣ ಹೋಗುವುದನ್ನೂ ಕಲಿತಿದ್ದರು, ಬರುವುದನ್ನೂ ಕಲಿತಿದ್ದರು. ಹೇಳಿದ ಹಾಗೆಯೇ, ನಾನು ನಿಂತ ಕಲ್ಲಿಗೇ ಬಂದಿದ್ದರು. ನಾನು ಅಲ್ಲಿ ನಿಂತಿರಲಿಲ್ಲ.